ಸಂತೆಯ ಕಾಯಿ, ಹಿತ್ತಲ ಹಣ್ಣು: ಮದ್ದಿಗಿಂತ ಮೊದಲು ಊಟ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲವೆಂಬ ವಿಷಾದ ಆ ಮಾತಿನಲ್ಲಿದೆ. ಈಚಿನ ವರ್ಷಗಳಲ್ಲಿ ಮಾತ್ರ ಈ ಗಾದೆ ತಲೆಕೆಳಗಾದಂತೆ ಕಾಣುತ್ತಿದೆ. ಹಿತ್ತಲ ಗಿಡ, ಬೇಲಿಯ ಬಳ್ಳಿ ಎಲ್ಲವೂ ಮದ್ದಾಗಿಬಿಟ್ಟಿವೆ. ಸೋರೆಕಾಯಿಯ ರಸ ಹೃದಯಕ್ಕೆ, ಹಾಗಲಕಾಯಿಯ ರಸ ಸಕ್ಕರೆ ಕಾಯಿಲೆಗೆ, ಬೂದುಗುಂಬಳದ ರಸ ಹೊಟ್ಟೆಯ ಉರಿಗೆ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಗೆ ಲೆಕ್ಕವಿಲ್ಲ. ಆದರೆ ಅದೇ ಸೋರೆ, ಅದೇ ಹೀರೆ, ಅದೇ ಕುಂಬಳ ನಮ್ಮ ಊಟದ ತಾಟಿನಿಂದ ದಿನೇ ದಿನೇ ದೂರವಾಗುತ್ತಿವೆ. ನಸುಕಿನಲ್ಲಿ ಮದ್ದಾಗಿ ಬಟ್ಟಲಿಗೆ ಬಂದ ಕಾಯಿ ಮಧ್ಯಾಹ್ನ ಪಲ್ಯವಾಗಿ ರೊಟ್ಟಿಯ ಪಕ್ಕಕ್ಕೆ ಬರುತ್ತಿಲ್ಲ. ಈ ವಿಪರ್ಯಾಸದ ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನಮ್ಮ ಬಯಕೆ.

ಧಾರವಾಡ ಸೀಮೆಯ ಯಾವುದೇ ವಾರದ ಸಂತೆಗೆ ಹೋಗಿ ನೋಡಿ. ಗೋಣಿತಾಟಿನ ಮೇಲೆ ಹೀರೆ, ಸೋರೆ, ಹಾಗಲ, ತೊಂಡೆ, ಪಡವಲ, ಸವತೆಗಳ ರಾಶಿ. ಪಕ್ಕದಲ್ಲಿ ಹೋಳು ಮಾಡಿಟ್ಟ ಸಿಹಿಗುಂಬಳ. ಬುಟ್ಟಿಯಲ್ಲಿ ಪೇರಲ, ಪಪ್ಪಾಯಿ, ಚಿಕ್ಕು. ಮಳೆಗಾಲದ ಆರಂಭಕ್ಕೆ ನೇರಳೆ ಬರುತ್ತದೆ, ದಸರೆ ದೀಪಾವಳಿಯ ನಡುವೆ ಸೀತಾಫಲ, ಸಂಕ್ರಾಂತಿಯ ಹೊತ್ತಿಗೆ ಬಾರೆಹಣ್ಣು, ಬೇಸಿಗೆಗೆ ಮಾವು ಮತ್ತು ಕಲ್ಲಂಗಡಿ. ಋತುಮಾನವನ್ನು ಪಂಚಾಂಗ ನೋಡದೆಯೇ ಸಂತೆಯಲ್ಲಿ ಓದಬಹುದು.

ಇವೆಲ್ಲವೂ ಮೂಲತಃ ಈ ನೆಲದವೇ ಎಂದೇನಲ್ಲ. ಹೀರೆ, ಸವತೆ, ನೇರಳೆ, ನೆಲ್ಲಿ, ಮಾವುಗಳು ಭಾರತದಲ್ಲಿ ಬಹು ಪ್ರಾಚೀನ. ಸೋರೆ ಮತ್ತು ಕಲ್ಲಂಗಡಿ ಆಫ್ರಿಕಾ ಮೂಲದವು. ಸಿಹಿಗುಂಬಳ, ಪಪ್ಪಾಯಿ, ಪೇರಲ, ಚಿಕ್ಕು ಇವು ಅಮೆರಿಕ ಖಂಡದಿಂದ ಬಂದವು; ಹೆಸರಿನಲ್ಲೇ ಸೀತೆಯನ್ನು ಇಟ್ಟುಕೊಂಡಿರುವ ಸೀತಾಫಲವೂ ಅಲ್ಲಿಂದಲೇ ಬಂದದ್ದು. ಆದ್ದರಿಂದ ‘ನಮ್ಮದು’ ಎಂಬ ಮಾತಿಗೆ ಮೂಲದ ಜಗಳ ಬೇಡ. ನಮ್ಮ ಮಣ್ಣಿನಲ್ಲಿ, ನಮ್ಮ ಮಳೆಗೆ ಬೆಳೆದು, ಬಾಡುವ ಮುನ್ನ ನಮ್ಮ ಮನೆ ಸೇರುವ ಕಾಯಿ ಹಣ್ಣು ನಮ್ಮದು ಎಂದು ತಿಳಿದರೆ ಸಾಕು.

ಒಂದು ಬಟ್ಟಲು ಕಹಿ ರಸ

ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಯಾರೋ ಹೇಳಿದರೆಂದು ದಿನವೂ ನಸುಕಿನಲ್ಲಿ ಬರಿಹೊಟ್ಟೆಗೆ ಹಸಿ ಸೋರೆಕಾಯಿಯ ರಸ ಕುಡಿಯುವುದನ್ನು ರೂಢಿಸಿಕೊಂಡಿದ್ದರು. ಹಿತ್ತಲ ಹಂದರದ್ದೇ ಬಳ್ಳಿ, ಮನೆಯದೇ ಕಾಯಿ. ಒಂದು ದಿನ ಸೊಸೆ ಕಾಯಿ ಹೆಚ್ಚುವಾಗ ರೂಢಿಯಂತೆ ಒಂದು ಚೂರನ್ನು ನಾಲಿಗೆಗೆ ಹಚ್ಚಿ ನೋಡಿ, “ಮಾವಾರ, ಇವತ್ತಿಂದು ಭಾಳ ಕಹಿ ಐತಿ, ಕುಡೀಬ್ಯಾಡ್ರಿ” ಎಂದಳು. “ಔಷಧ ಅಂದಮ್ಯಾಲ ಕಹಿ ಇರೂದ ಅಲ್ಲೇನವಾ” ಎಂದು ಹಿರಿಯರು ನಕ್ಕು ಬಟ್ಟಲು ಬರಿದು ಮಾಡಿದರು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆ ತೊಳಸಿ ವಾಂತಿ ಆರಂಭವಾಯಿತು; ಹಿಂದೆಯೇ ಭೇದಿ. ಮಧ್ಯಾಹ್ನದ ಹೊತ್ತಿಗೆ ವಾಂತಿಯಲ್ಲಿ ರಕ್ತ ಕಾಣಿಸಿ, ರಕ್ತದೊತ್ತಡ ಕುಸಿದು, ಆಸ್ಪತ್ರೆ ಸೇರುವಾಗ ಅವರಿಗೆ ಮಾತನಾಡುವ ತ್ರಾಣವೂ ಉಳಿದಿರಲಿಲ್ಲ. ನಾಲ್ಕು ದಿನಗಳ ಚಿಕಿತ್ಸೆಯ ನಂತರ ಬದುಕಿ ಮನೆಗೆ ಬಂದರು. ಸೊಸೆ ಆ ಕಹಿಯ ಸಂಗತಿಯನ್ನು ವೈದ್ಯರಿಗೆ ತಡಮಾಡದೆ ತಿಳಿಸಿದ್ದು ಚಿಕಿತ್ಸೆಗೆ ದಾರಿ ತೋರಿತು.

ಸೋರೆ, ಹೀರೆ, ಸವತೆ, ಕುಂಬಳಗಳ ಕುಲಕ್ಕೆ ಸೇರಿದ ಬಳ್ಳಿಗಳು ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿ ವಸ್ತುವನ್ನು ತಯಾರಿಸುತ್ತವೆ. ಸಾವಿರಾರು ವರ್ಷ ಸಿಹಿ ಕಾಯಿಯ ಬೀಜವನ್ನೇ ಆರಿಸಿ ಬಿತ್ತಿದ ನಮ್ಮ ಪೂರ್ವಿಕರು ಈ ಕಹಿಯನ್ನು ತಿನ್ನುವ ಕಾಯಿಗಳಿಂದ ಬಹುಮಟ್ಟಿಗೆ ದೂರ ಮಾಡಿದರು. ಆದರೂ ಕಾಡು ತಳಿಯ ಪರಾಗ ಸೋಂಕಿ ಹುಟ್ಟಿದ ಬೀಜದಿಂದಲೋ, ತೀವ್ರ ಬಿಸಿಲು ಹಾಗೂ ನೀರಿನ ಕೊರತೆಯಿಂದಲೋ ಅದು ಮತ್ತೆ ತಲೆಯೆತ್ತುವುದುಂಟು. ಇದು ಬೇಯಿಸಿದರೆ ಹೋಗುವ ಕಹಿಯಲ್ಲ. ಬೆಲ್ಲ, ಉಪ್ಪು ಬೆರೆಸಿದರೆ ಮರೆಯಾಗಬಹುದು, ವಿಷ ಮಾತ್ರ ಅಲ್ಲಿಯೇ ಉಳಿಯುತ್ತದೆ. ದೇಶದಲ್ಲಿ ಇಂತಹ ರಸ ಕುಡಿದು ಸಾವುಗಳು ಸಂಭವಿಸಿದ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯ ಸಲಹೆ ಸರಳವಾಗಿತ್ತು: ರಸ ತೆಗೆಯುವ ಮುನ್ನ ಒಂದು ಚೂರು ರುಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿಯನ್ನು ಬಿಸಾಡಬೇಕು, ಕುಡಿದ ಮೇಲೆ ಹೊಟ್ಟೆ ತೊಳಸುವುದು, ವಾಂತಿ, ಭೇದಿ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗಮನಿಸಿ, ಈ ಸಲಹೆಯ ಮೊದಲ ಭಾಗ ನಮ್ಮ ಅಡುಗೆಮನೆಗೆ ಹೊಸದಲ್ಲ. ಸವತೆಯ ತುದಿಯನ್ನೋ ಹೀರೆಯ ಚೂರನ್ನೋ ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಒಗ್ಗರಣೆಗೆ ಹಾಕುವುದು ನಮ್ಮ ತಾಯಂದಿರ ನಿತ್ಯದ ರೂಢಿ. ಊಟವೆಂದು ತಿಳಿದಾಗ ನಾಲಿಗೆ ಕಾವಲು ಕಾಯುತ್ತದೆ. ಮದ್ದೆಂದು ತಿಳಿದಾಗ ನಾವೇ ಆ ಕಾವಲನ್ನು ಕಿತ್ತೊಗೆಯುತ್ತೇವೆ. ಹಾಗಲದ ಕಹಿ ಮಾತ್ರ ಬೇರೆ. ಅದು ಆ ಕಾಯಿಯ ಸಹಜ ಗುಣ. ಸೋರೆ, ಹೀರೆ, ಸವತೆ, ಕುಂಬಳಗಳಲ್ಲಿ ಕಹಿ ಬಂದರೆ ಅದು ಎಚ್ಚರಿಕೆಯ ಗಂಟೆ.

ಬಳ್ಳಿಯ ಕಾಯಿಗಳು ಏನು ಕೊಡುತ್ತವೆ?

ಸೋರೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರು. ಬೂದುಗುಂಬಳ, ಸವತೆ, ಹೀರೆಗಳೂ ಹೆಚ್ಚುಕಡಿಮೆ ಹಾಗೆಯೇ. ‘ಬರೀ ನೀರು, ಅದರಲ್ಲಿ ಏನಿದೆ’ ಎಂದು ಕೇಳುವವರಿದ್ದಾರೆ. ಅನ್ನ, ರೊಟ್ಟಿ, ಎಣ್ಣೆ, ಸಕ್ಕರೆಗಳಿಂದ ತುಂಬಿದ ಇಂದಿನ ಊಟಕ್ಕೆ ಬೇಕಾದದ್ದು ಅದೇ ಎಂಬುದು ನಮ್ಮ ಉತ್ತರ. ಹೊಟ್ಟೆ ತುಂಬಬೇಕು, ಮೈ ಭಾರವಾಗಬಾರದು, ಕರುಳಿಗೆ ನಾರು ದೊರೆಯಬೇಕು. ಒಂದು ದೊಡ್ಡ ಬಟ್ಟಲು ಸೋರೆಯ ಪಲ್ಯ ಈ ಮೂರನ್ನೂ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು 2000 ಕಿಲೋಕ್ಯಾಲೊರಿಯ ದಿನದ ಊಟದಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಇರಬೇಕೆಂದು ಹೇಳುತ್ತದೆ. ಊಟದ ಮೂಲೆಯಲ್ಲಿ ಒಂದು ಚಮಚ ಪಲ್ಯ ಹಚ್ಚಿಕೊಳ್ಳುವ ನಮ್ಮ ಅಭ್ಯಾಸದಿಂದ ಈ ಲೆಕ್ಕ ತುಂಬುವುದಿಲ್ಲ.

ಸಿಹಿಗುಂಬಳದ್ದು ಇನ್ನೊಂದು ಬಗೆಯ ಔದಾರ್ಯ. ಅದರ ಹಳದಿ ಬಣ್ಣವೇ ಕ್ಯಾರೊಟಿನ್. ಅದು ದೇಹದೊಳಗೆ ‘ಎ’ ಜೀವಸತ್ವವಾಗಿ ಮಾರ್ಪಟ್ಟು ಕಣ್ಣಿಗೂ ರೋಗನಿರೋಧಕ ಶಕ್ತಿಗೂ ನೆರವಾಗುತ್ತದೆ. ತಿರುಳಿನ ಬಣ್ಣ ಗಾಢವಾದಷ್ಟೂ ಇದರ ಅಂಶ ಹೆಚ್ಚು. ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆಯ ಅಥವಾ ತುಪ್ಪದ ಸಂಗ ಬೇಕು. ಒಗ್ಗರಣೆ ಹಾಕಿದ ಕುಂಬಳದ ಪಲ್ಯದಲ್ಲಿ ಈ ವಿಜ್ಞಾನ ತಾನಾಗಿಯೇ ಅಡಗಿದೆ. ಬೆಲ್ಲ ಬೆರೆಸಿ ಕರಿಯುವ ಕುಂಬಳಕಾಯಿಯ ಗಾರಿಗೆ ನಮ್ಮ ಸೀಮೆಯ ಹೆಮ್ಮೆಯ ತಿನಿಸು. ಅದು ಹಬ್ಬಕ್ಕಿರಲಿ, ಪಲ್ಯ ವಾರಕ್ಕಿರಲಿ. ಕುಂಬಳದ ಬೀಜವನ್ನು ತೊಳೆದು ಒಣಗಿಸಿ ಹುರಿದರೆ ಮಕ್ಕಳಿಗೆ ಪ್ರೋಟೀನು, ಸತುವು, ಮೆಗ್ನೀಸಿಯಂ ಉಳ್ಳ ತಿಂಡಿಯಾಗುತ್ತದೆ. ಹೀರೆಯ ಸಿಪ್ಪೆಯ ಚಟ್ನಿಯನ್ನು ನಾವು ಇಲ್ಲಿ ವಿವರಿಸಬೇಕಾಗಿಲ್ಲ. ಏನನ್ನೂ ಎಸೆಯಬಾರದೆಂಬ ಅರಿವಿನಿಂದ ಹುಟ್ಟಿದ ರುಚಿ ಅದು.

ದೃಷ್ಟಿ ತೆಗೆಯಲೆಂದು ಬೂದುಗುಂಬಳವನ್ನು ರಸ್ತೆಯಲ್ಲಿ ಒಡೆದು, ಅದರ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವುದನ್ನು ಪ್ರತಿ ಆಯುಧ ಪೂಜೆಯಲ್ಲೂ ಕಾಣುತ್ತೇವೆ. ಅದೇ ಕಾಯಿ ಮಜ್ಜಿಗೆಹುಳಿಯಾದರೆ ಹತ್ತು ಜನರ ಊಟ.

ಸೇಬು ಮತ್ತು ಪೇರಲ

ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬು ಕೊಂಡೊಯ್ಯುವುದು ನಮ್ಮಲ್ಲಿ ಮರ್ಯಾದೆಯ ರೀತಿಯಾಗಿದೆ. ಪೇರಲ ಒಯ್ದರೆ ಜಿಪುಣರೆಂದಾರು ಎಂಬ ಸಂಕೋಚ. ಸೇಬು ಕೆಟ್ಟ ಹಣ್ಣಲ್ಲ. ಆದರೆ 100 ಗ್ರಾಂ ಸೇಬಿನಲ್ಲಿ ‘ಸಿ’ ಜೀವಸತ್ವ 5 ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ಪೇರಲದಲ್ಲಿ 200 ಮಿಲಿಗ್ರಾಂಗೂ ಮೀರಿ ಇದೆ. ವಯಸ್ಕ ಪುರುಷನಿಗೆ ದಿನಕ್ಕೆ 80, ಮಹಿಳೆಗೆ 65 ಮಿಲಿಗ್ರಾಂ ಸಾಕೆಂದು ನಮ್ಮ ದೇಶದ ಪೌಷ್ಟಿಕ ತಜ್ಞರ ಶಿಫಾರಸು. ಅರ್ಧ ಪೇರಲ ಒಬ್ಬರ ದಿನದ ಅಗತ್ಯವನ್ನು ಪೂರೈಸುತ್ತದೆ.

ಇದನ್ನು ಬರಿಯ ಅಂಕಿಗಳ ಆಟವೆಂದು ಭಾವಿಸಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಜೋಳ, ಸಜ್ಜೆ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಅದೇ ಊಟದೊಡನೆ ‘ಸಿ’ ಜೀವಸತ್ವ ಸೇರಿದರೆ ಹೀರಿಕೆ ಹೆಚ್ಚುತ್ತದೆ; ಊಟವಾದೊಡನೆ ಚಹ ಕುಡಿದರೆ ಕುಗ್ಗುತ್ತದೆ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಉಂಡ ಮಗಳಿಗೆ ಚಹದ ಬಟ್ಟಲಿನ ಬದಲು ಒಂದು ಪೇರಲ ಹಣ್ಣು ಕೊಡುವುದು ಚಿಕ್ಕ ಕೆಲಸ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಗೆ ಅದು ಬದಲಿಯಲ್ಲ, ಆದರೆ ಮಾತ್ರೆಯ ಅಗತ್ಯವೇ ಬಾರದಂತೆ ಬಾಳುವ ದಾರಿಯಲ್ಲಿ ಅದೊಂದು ಹೆಜ್ಜೆ.

ಮಾಗಿದ ಪಪ್ಪಾಯಿಯಲ್ಲಿ ಕ್ಯಾರೊಟಿನ್ ಮತ್ತು ‘ಸಿ’ ಜೀವಸತ್ವ ಎರಡೂ ಉಂಟು. ಬೆಟ್ಟದ ನೆಲ್ಲಿಯ ಹಿರಿಮೆ ಎಲ್ಲರೂ ಬಲ್ಲದ್ದೇ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಬಾಳೆ, ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ, ಇಂಡಿಯ ನಿಂಬೆ ಇವು ಭೌಗೋಳಿಕ ಗುರುತು ಪಡೆದ ನಮ್ಮ ನಾಡಿನ ಫಲಗಳು. ಆಯಾ ಊರಿನ ಮಣ್ಣಿನ ಗುಣ ಅವುಗಳ ರುಚಿಯಲ್ಲಿದೆ. ಕೊಳ್ಳುವವರಿಲ್ಲದಿದ್ದರೆ ಬೆಳೆಯುವವರೂ ಇರುವುದಿಲ್ಲ.

ಕೊಳ್ಳುವಾಗ ಕಣ್ಣು, ಕೈ, ಮೂಗು

ಸಿಹಿಗುಂಬಳ ತೊಟ್ಟು ಸಹಿತ ಇರಲಿ, ಸಿಪ್ಪೆ ಉಗುರಿಗೆ ಜಗ್ಗದಷ್ಟು ಗಟ್ಟಿಯಿರಲಿ. ಅಂತಹದು ಗಾಳಿಯಾಡುವ ಸ್ಥಳದಲ್ಲಿ ತಿಂಗಳುಗಟ್ಟಲೆ ಕೆಡದು. ಕರಾವಳಿಯವರು ಸಾಂಬಾರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮನೆಯ ಜಂತೆಗೆ ತೂಗುಹಾಕಿ ಮಳೆಗಾಲ ಕಳೆಯುವ ಪದ್ಧತಿ ಇದೇ ತತ್ತ್ವದ್ದು. ಸೋರೆ, ಹೀರೆಗಳು ಮಾತ್ರ ಎಳೆಯವಿರಬೇಕು, ಉಗುರು ಸುಲಭವಾಗಿ ಇಳಿಯಬೇಕು. ಹೋಳು ಮಾಡಿ ಧೂಳಿನಲ್ಲಿ ತೆರೆದಿಟ್ಟ ಹಣ್ಣನ್ನು ಕೊಳ್ಳದಿರುವುದೇ ಲೇಸು. ಯಾವುದನ್ನೇ ಆಗಲಿ ಹೆಚ್ಚುವ ಮುನ್ನ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ಸಾರ ನೀರಿನ ಪಾಲಾಗುತ್ತದೆ.

ಮಾವಿನ ವಿಷಯದಲ್ಲಿ ಮೂಗನ್ನು ನಂಬಿರಿ. ಮೇಲೆ ಒಂದೇ ಸಮನೆ ಹಳದಿಯಾಗಿ, ಒಳಗೆ ಹುಳಿಯಾಗಿ, ತೊಟ್ಟಿನ ಬಳಿ ಪರಿಮಳವೇ ಇಲ್ಲದ ಹಣ್ಣು ಅವಸರದಲ್ಲಿ ಬಣ್ಣ ಬರಿಸಿದ್ದಿರಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಅದರಲ್ಲಿ ಆರ್ಸೆನಿಕ್, ರಂಜಕಗಳ ಕಲ್ಮಷ ಇರುವ ಸಾಧ್ಯತೆಯುಂಟು. ಕಾಯಿಯನ್ನೇ ಕೊಂಡು ತಂದು ಮನೆಯಲ್ಲಿ ಹುಲ್ಲಿನ ನಡುವೆ ಅಡಿ ಹಾಕಿದರೆ ಕೆಲವೇ ದಿನಗಳಲ್ಲಿ ಮನೆಯೆಲ್ಲ ಪರಿಮಳ.

ಹಿತ್ತಲಲ್ಲಿ ಎರಡು ಬಳ್ಳಿ, ಒಂದು ಗಿಡ

ಹಿಂದೆ ತಿಪ್ಪೆಯ ಬದಿಯಲ್ಲಿ ಬಿಸಾಡಿದ ಬೀಜದಿಂದಲೇ ಕುಂಬಳದ ಬಳ್ಳಿ ಹಬ್ಬಿ ಮಾಳಿಗೆ ಏರುತ್ತಿತ್ತು. ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಸವತೆ ಸಿಗುತ್ತಿತ್ತು. ಇಂದು ಅಷ್ಟು ಜಾಗವಿಲ್ಲದವರೂ ಕೈತೋಟದ ಆಸೆ ಬಿಡಬೇಕಾಗಿಲ್ಲ. ಮುಂಗಾರಿನ ಆರಂಭದಲ್ಲಿ ಒಂದೂವರೆ ಅಡಿ ಉದ್ದಗಲದ ಗುಣಿ ತೋಡಿ, ಕೊಳೆತ ಗೊಬ್ಬರ ಮತ್ತು ಮಣ್ಣು ಬೆರೆಸಿ ತುಂಬಿ, ಮೂರು ನಾಲ್ಕು ಬೀಜ ಊರಿ, ಬಲವಾದ ಎರಡು ಸಸಿಗಳನ್ನು ಉಳಿಸಿಕೊಳ್ಳಬೇಕು. ಹೀರೆಗೂ ಹಾಗಲಕ್ಕೂ ಹಂದರ ಬೇಕು. ಕುಂಬಳಕ್ಕೆ ನೆಲವೇ ಸಾಕು. ಬೀಜ ಬೇಕಾದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಿವೆ: ಕ್ಯಾರೊಟಿನ್ ಹೆಚ್ಚಿರುವ ‘ಅರ್ಕಾ ಚಂದನ್’ ಕುಂಬಳ, ‘ಅರ್ಕಾ ಬಹಾರ್’ ಸೋರೆ, ‘ಅರ್ಕಾ ಹರಿತ್’ ಹಾಗಲ.

‘ಹೂವು ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ’ ಎಂಬ ದೂರು ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಮೊದಲು ಗಂಡು ಹೂಗಳೇ ಬಂದು ಉದುರುತ್ತವೆ, ಅದು ರೋಗವಲ್ಲ. ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುವುದು ಹೆಣ್ಣು ಹೂವು. ಜೇನ್ನೊಣಗಳು ಬಾರದ ಊರುಗಳಲ್ಲಿ ಗಂಡು ಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಸವರಬಹುದು. ಕುಂಬಳದ ಹೂವು ನಸುಕಿನಲ್ಲಿ ಅರಳುವುದರಿಂದ ಬೆಳಗಿನಲ್ಲೇ ಈ ಕೆಲಸ ಮುಗಿಸಬೇಕು. ಹೀರೆ, ಸೋರೆಗಳ ಹೂವು ಅರಳುವುದು ಸಂಜೆಗೆ. ಹಣ್ಣಿನ ನೊಣ ಚುಚ್ಚಿ ಕೊಳೆತ ಕಾಯಿಗಳನ್ನು ಬಳ್ಳಿಯ ಬುಡದಲ್ಲಿ ಬಿಡದೆ ಆಯ್ದು ಆಳವಾಗಿ ಹೂಳಬೇಕು. ಎಳೆಯ ಕಾಯಿಗೆ ಕಾಗದದ ಚೀಲ ತೊಡಿಸಿದರೂ ರಕ್ಷಣೆ ದೊರೆಯುತ್ತದೆ.

ಬೀಜ ಎತ್ತಿಡುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಜೇನ್ನೊಣ ಸಿಹಿ ಕಹಿಯ ಭೇದ ಅರಿಯದು. ಬೇಲಿಯ ಕಾಡು ಬಳ್ಳಿಯ ಪರಾಗವೂ ನಮ್ಮ ಹೂವಿಗೆ ಬರಬಹುದು. ಅಂತಹ ಕಾಯಿಯಿಂದ ಎತ್ತಿದ ಬೀಜ ಮುಂದಿನ ವರ್ಷ ಕಹಿ ಕಾಯಿ ಕೊಟ್ಟೀತು. ಆದ್ದರಿಂದ ತಾನಾಗಿಯೇ ಹುಟ್ಟಿದ ಬಳ್ಳಿಯ ಕಾಯಿಯನ್ನು ರುಚಿ ನೋಡದೆ ಬಳಸಬಾರದು. ಕಹಿ ಕೊಟ್ಟ ಬಳ್ಳಿಯನ್ನು ಬೇರುಸಹಿತ ಕಿತ್ತುಬಿಡಬೇಕು.

ಗಿಡದಲ್ಲಿ ಪಪ್ಪಾಯಿ ಬಹು ಬೇಗ ಫಲ ಕೊಡುತ್ತದೆ. ವರ್ಷ ತುಂಬುವುದರೊಳಗೆ ಹಣ್ಣು. ಬುಡದಲ್ಲಿ ನೀರು ನಿಂತರೆ ಮಾತ್ರ ಗಿಡ ಉಳಿಯದು. ಕೆಲವು ತಳಿಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ಕೆಯಾದ ‘ಕೂರ್ಗ್ ಹನಿಡ್ಯೂ’ ತಳಿಯಲ್ಲಿ ಆ ತೊಡಕಿಲ್ಲ. ಹೊಲದ ಬದುವಿರುವವರು ಹಲಸು, ನೇರಳೆ, ನೆಲ್ಲಿ ನೆಡಲಿ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಹೊಲದಲ್ಲಿ ಉಳಿದಿದ್ದ ಕೆಂದೊಳೆಯ ಹಲಸಿನ ಮರವೊಂದು ವಿಜ್ಞಾನಿಗಳ ಕಣ್ಣಿಗೆ ಬಿದ್ದು, ‘ಸಿದ್ದು’ ಎಂಬ ಹೆಸರಿನಿಂದ ಇಂದು ನಾಡಿನೆಲ್ಲೆಡೆ ಹಬ್ಬಿದೆ. ಒಂದು ಮರವನ್ನು ಕಡಿಯದೆ ಉಳಿಸಿದ್ದರ ಫಲ ಅದು.

ಯಾರಿಗೆ ಎಚ್ಚರ ಬೇಕು?

ಸಕ್ಕರೆ ಕಾಯಿಲೆಯವರು ಹಣ್ಣನ್ನು ಹಣ್ಣಾಗಿಯೇ, ಮಿತವಾಗಿ ತಿನ್ನಬೇಕು. ಹಿಂಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಹಾಗಲಕಾಯಿಯನ್ನು ಪಲ್ಯವಾಗಿ, ಗೊಜ್ಜಾಗಿ ಉಣ್ಣಿರಿ. ಅದನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸುವುದು ಅಪಾಯ. ಮೂತ್ರಪಿಂಡದ ತೊಂದರೆಯುಳ್ಳವರು ಬಾಳೆ, ಮಾವು, ಎಳನೀರುಗಳ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು, ಏಕೆಂದರೆ ಇವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣನ್ನು ಅವರು ಮುಟ್ಟಲೇಬಾರದು. ಅದರಲ್ಲಿರುವ ನರವಿಷವನ್ನು ಹೊರಹಾಕಲು ಸೋತ ಮೂತ್ರಪಿಂಡಕ್ಕೆ ಸಾಧ್ಯವಾಗದೆ ಬಿಕ್ಕಳಿಕೆ, ಗೊಂದಲ, ಸೆಳವು ಕಾಣಿಸಿಕೊಳ್ಳಬಹುದು. ಗರ್ಭಿಣಿಯರು ಹಸಿ ಪಪ್ಪಾಯಿಯನ್ನು ಬಿಡುವುದು ಒಳಿತು.

ನಾವು ಮೇಲೆ ಹೇಳಿದ ಹಿರಿಯರು ಈಗ ಸ್ವಸ್ಥರಾಗಿದ್ದಾರೆ. ವೈದ್ಯರು ಬರೆದ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ಸೋರೆಕಾಯಿಯನ್ನು ಎರಡು ರೊಟ್ಟಿಯೊಡನೆ ಪಲ್ಯವಾಗಿ ಉಣ್ಣುತ್ತಾರೆ. ಹಿತ್ತಲ ಹಂದರಕ್ಕೆ ಈ ಸಲ ಹೊಸ ಬೀಜ ಬಿದ್ದಿದೆ. ಸೊಸೆ ಇಂದಿಗೂ ಚೂರು ರುಚಿ ನೋಡಿಯೇ ಒಗ್ಗರಣೆ ಹಾಕುತ್ತಾಳೆ. ಈಗ ಅವಳ ಮಾತನ್ನು ಆ ಮನೆಯಲ್ಲಿ ಯಾರೂ ಮೀರುವುದಿಲ್ಲ.

ಮಠಗಳ ದಾಸೋಹದ ಮನೆಗೆ ಭಕ್ತರು ಹೊತ್ತು ತರುವ ಕುಂಬಳಕಾಯಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಯಾರದೋ ಹೊಲದ್ದು, ಯಾರದೋ ಹಿತ್ತಲದ್ದು, ಒಂದೇ ಕೊಪ್ಪರಿಗೆಯಲ್ಲಿ ಬೆಂದು ಸಾವಿರಾರು ಜನರ ಎಲೆಗೆ ಬೀಳುತ್ತದೆ. ಅದನ್ನು ಯಾರೂ ಔಷಧವೆಂದು ಉಣ್ಣುವುದಿಲ್ಲ. ಹಸಿವಿನಿಂದ ಉಣ್ಣುತ್ತಾರೆ, ತೃಪ್ತರಾಗಿ ಏಳುತ್ತಾರೆ. ಮನೆಯ ಊಟವೂ ಹಾಗೆಯೇ ಇರಲಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಮುಂದಿನ ಸಂತೆಯ ದಿನ ಚೀಲ ಹಿಡಿದು ಹೊರಟಾಗ ಒಂದು ಸೋರೆ, ಅರ್ಧ ಕುಂಬಳ, ಒಂದು ಕಿಲೋ ಪೇರಲ ತನ್ನಿರಿ. ಆ ಊಟದ ಬಲ್ಮೆ ಅಲ್ಲಿಂದಲೇ ಆರಂಭವಾಗುತ್ತದೆ.